ಆಟ ಶುರು ಮಾಡಿದರೆ ಸ್ಕ್ರೀನ್ ಮಿಣಮಿಣ, ತಲೆ ಕೆಟ್ಟು ಹೋಗಿದೆ

ಸೋಮಾರಿ ಗೇಮರ್
ಲಿನಕ್ಸ್‌ನಲ್ಲಿ ಮೂರು ದಿನದಿಂದ ಒಂದು ಆಟವನ್ನೂ ನೆಟ್ಟಗೆ ಆಡಿಲ್ಲ. ಆಟ ಶುರುವಾದರೆ ಸಾಕು, ಸ್ಕ್ರೀನ್ ಹಳೇ ಟ್ಯೂಬ್‌ಲೈಟ್ ಥರ ಮಿಣುಕುತ್ತದೆ. ಎಲ್ಲ ಆಟದಲ್ಲೂ ಇದೇ ಕಥೆ. ಹೋದ ವಾರದವರೆಗೂ ಚೆನ್ನಾಗಿತ್ತು, ನಾನು ಏನೂ ಬದಲಾಯಿಸಿಲ್ಲ. ವಿಂಡೋಸ್ ಆಟ ಓಡಿಸುವ ಪ್ರೋಟಾನ್‌ನ ಬೇರೆ ವರ್ಷನ್ ಹಾಕಿದೆ, ಗ್ರಾಫಿಕ್ಸ್ ಕೋಡ್ ಉಳಿಸಿಡುವ ಶೇಡರ್ ಕ್ಯಾಶ್ ಅಳಿಸಿದೆ, ಉಪಯೋಗ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಎನ್‌ವಿಡಿಯಾ 3060. ವಿಂಡೋಸ್‌ಗೆ ವಾಪಸ್ ಹೋಗು ಅಂತ ಮಾತ್ರ ಯಾರೂ ಹೇಳಬೇಡಿ.

ಕರ್ನಲ್ ಕಾಕಾ
3060 ಅಂದ ಮೇಲೆ ಇನ್ನೇನು ಕೇಳುವುದು. ಎಕ್ಸ್‌ಪ್ಲಿಸಿಟ್ ಸಿಂಕ್, ಅಂದರೆ ಫ್ರೇಮ್ ಮುಗಿಯಿತು ಅಂತ ಕಾರ್ಡ್ ತಿಳಿಸುವ ವ್ಯವಸ್ಥೆ, ಇಲ್ಲದ ತೊಂದರೆ ಇದು. ವೇಲ್ಯಾಂಡ್‌ನಲ್ಲಿ (ಲಿನಕ್ಸ್‌ನಲ್ಲಿ ಸ್ಕ್ರೀನಿಗೆ ಚಿತ್ರ ಕಳಿಸುವ ಹೊಸ ವ್ಯವಸ್ಥೆ) ಕಾರ್ಡ್ ಫ್ರೇಮ್ ಬರೆದು ಮುಗಿಸುವ ಮೊದಲೇ, ವಿಂಡೋಗಳನ್ನು ಜೋಡಿಸಿ ತೋರಿಸುವ ಕಾಂಪೋಸಿಟರ್ ಅದನ್ನು ಎತ್ತಿ ತೋರಿಸಿಬಿಡುತ್ತದೆ. ಹಳೇ ಫ್ರೇಮು, ಹೊಸ ಫ್ರೇಮು ಕಲಸಿ ಮಿಣುಕುತ್ತದೆ. ಎನ್‌ವಿಡಿಯಾ 555 ಡ್ರೈವರ್, ಹಳೇ ಎಕ್ಸ್11 ವ್ಯವಸ್ಥೆಯ ಆಟಗಳನ್ನು ವೇಲ್ಯಾಂಡ್‌ನಲ್ಲಿ ಓಡಿಸುವ ಎಕ್ಸ್‌ವೇಲ್ಯಾಂಡ್ 24.1, ಕೆಡಿಇ ಡೆಸ್ಕ್‌ಟಾಪ್ ಆದರೆ ಪ್ಲಾಸ್ಮಾ 6.1, ಮೂರೂ 2024ರಲ್ಲಿ ಬಂದವು. ಮೂರೂ ಇದ್ದರೆ ಮಾತ್ರ ಸರಿಹೋಗುತ್ತದೆ. ಡ್ರೈವರ್ ಅಪ್‌ಡೇಟ್ ಮಾಡಿ.

ಶಿರಸಿ ಪೆಂಗ್ವಿನ್
ಯಾವ ಡಿಸ್ಟ್ರೋ, ಅಂದರೆ ಯಾವ ಬಗೆಯ ಲಿನಕ್ಸ್? ಯಾವ ಡೆಸ್ಕ್‌ಟಾಪ್? ಮಾನಿಟರ್ ಯಾವುದು, ಯಾವ ಕೇಬಲ್? ಇಷ್ಟು ಹೇಳದೆ ಏನು ಹೇಳುವುದು ಮಾರಾಯ.

ಸೋಮಾರಿ ಗೇಮರ್
ಫೆಡೋರಾ ಕೆಡಿಇ. ಪ್ಲಾಸ್ಮಾ 6.4, ಡ್ರೈವರ್ 580. ಹಾಗಾದರೆ ಕಾಕಾ ಹೇಳಿದ ಮೂರೂ ಇದೆ ಅಲ್ವಾ?

ಕರ್ನಲ್ ಕಾಕಾ
ಇದ್ದರೂ ಸರಿಯಾಗಿ ಕೂತಿಲ್ಲ. ಪೂರ್ತಿ ತೆಗೆದು ಮತ್ತೆ ಹಾಕಿ. ನೂರಕ್ಕೆ ನೂರು ಸಿಂಕ್ ತೊಂದರೆಯೇ.

ಸೋಮಾರಿ ಗೇಮರ್
ತೆಗೆದು ಹಾಕಿ ರೀಬೂಟ್ ಮಾಡಿದೆ. ಈಗ ಬರೀ ಕಪ್ಪು. ಮಿಣುಕುವುದಾದರೂ ಇತ್ತು, ಅದೂ ಹೋಯಿತು. ಫೋನಿನಿಂದ ಬರೆಯುತ್ತಿದ್ದೇನೆ.

ಶಿರಸಿ ಪೆಂಗ್ವಿನ್
ಹಾಕಿದ ತಕ್ಷಣ ರೀಬೂಟ್ ಮಾಡಿದಿರಾ? ಫೆಡೋರಾಗೆ ಹೊರಗಿನ ಸಾಫ್ಟ್‌ವೇರ್ ಕೊಡುವ ಆರ್‌ಪಿಎಮ್ ಫ್ಯೂಷನ್‌ನಿಂದ ಡ್ರೈವರ್ ಹಾಕಿದರೆ, ಕರ್ನಲ್‌ಗೆ ಸೇರುವ ಅದರ ಮಾಡ್ಯೂಲ್ ನಿಮ್ಮ ಮಷೀನಿನಲ್ಲೇ ಬಿಲ್ಡ್ ಆಗಬೇಕು. ಇನ್‌ಸ್ಟಾಲ್ ಮುಗಿಯಿತು ಅಂತ ತೋರಿಸಿದರೂ ಹಿಂದೆ ಐದು ನಿಮಿಷ ಕೆಲಸ ನಡೆಯುತ್ತಿರುತ್ತದೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿ, ಲಾಗಿನ್ ಆಗಿ, ಆ ಮಾಡ್ಯೂಲ್ ಮತ್ತೆ ಬಿಲ್ಡ್ ಮಾಡುವ ಅಕ್‌ಮಾಡ್ಸ್ ಫೋರ್ಸ್ ಕಮಾಂಡನ್ನು ಸುಡೋ (ಅಡ್ಮಿನ್ ಅನುಮತಿ) ಜೊತೆ ಓಡಿಸಿ. ಮುಗಿಯುವವರೆಗೆ ಕಾಯಿರಿ. ಆಮೇಲೆ ರೀಬೂಟ್.

ಆರ್ಚ್ ಹುಡುಗ
ಇದಕ್ಕೇ ನಾನು ಫೆಡೋರಾ ಬಿಟ್ಟಿದ್ದು. ಆರ್ಚ್‌ನಲ್ಲಿ ರೆಡಿ ಮಾಡ್ಯೂಲ್ ಬರುತ್ತದೆ. ಮೂರು ಮಾನಿಟರ್, ಹೈಪರ್‌ಲ್ಯಾಂಡ್ ಕಾಂಪೋಸಿಟರ್, ಎಲ್ಲ ಬೆಣ್ಣೆ ಥರ ಓಡುತ್ತಿದೆ. ಕಾನ್ಫಿಗ್ ಬೇಕಾದರೆ ಕೇಳಿ.

ಮಿಂಟ್ ಮಂಜ
ಯಾರೂ ಕೇಳಿಲ್ಲ ಗುರೂ. ಮಿಂಟ್ ಹಾಕಿ, ಎಕ್ಸ್11ನಲ್ಲೇ ಇರಿ, ಆರಾಮಾಗಿ ಆಡಿ.

ಆರ್ಚ್ ಹುಡುಗ
ಎಕ್ಸ್11ನಲ್ಲಿ 60 ಹರ್ಟ್ಸಿನ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ) ಒಂದು, 144ರ ಒಂದು ಮಾನಿಟರ್ ಇಟ್ಟು ನೋಡಿ, ಆಮೇಲೆ ಆರಾಮಿನ ಮಾತು ಆಡೋಣ.

ದೊಡ್ಡ ಟಿವಿ
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನ್ನದು ಎಎಮ್‌ಡಿ ಕಾರ್ಡ್, ಎಚ್‌ಡಿಎಂಐನಲ್ಲಿ 4ಕೆ ಟಿವಿ. 120 ಹರ್ಟ್ಸ್ ಇಟ್ಟರೆ ಅಕ್ಷರ ಎಲ್ಲ ಬಣ್ಣ ಕದಡಿದ ಹಾಗೆ ಕಾಣುತ್ತದೆ. ಇದೂ ಸಿಂಕ್ ತೊಂದರೆಯಾ?

ಶಿರಸಿ ಪೆಂಗ್ವಿನ್
ಅಲ್ಲ. 2024ರಲ್ಲಿ ಎಎಮ್‌ಡಿಯ ಓಪನ್ ಸೋರ್ಸ್ ಡ್ರೈವರ್‌ಗೆ ಎಚ್‌ಡಿಎಂಐ 2.1 ಸೇರಿಸಲು ಆ ಮಾನದಂಡ ನೋಡಿಕೊಳ್ಳುವ ಎಚ್‌ಡಿಎಂಐ ಫೋರಂ ಒಪ್ಪಲಿಲ್ಲ. ಹಾಗಾಗಿ ಉಳಿದದ್ದು 2.0, ಅಂದರೆ ಸೆಕೆಂಡಿಗೆ 18 ಗಿಗಾಬಿಟ್. ಅಷ್ಟರಲ್ಲಿ 4ಕೆ 120 ತುರುಕಬೇಕಾದರೆ ಬಣ್ಣದ ಮಾಹಿತಿ ಕಡಿಮೆ ಮಾಡಬೇಕು, ಅಕ್ಷರ ಕೆಡುವುದು ಅದಕ್ಕೇ. ಬೇರೆ ಥ್ರೆಡ್ ತೆರೆಯಿರಿ, ಅಲ್ಲಿ ಮಾತಾಡೋಣ.

ಸೋಮಾರಿ ಗೇಮರ್
ಅಕ್‌ಮಾಡ್ಸ್ ಕೆಲಸ ಮಾಡಿತು, ಮಷೀನ್ ವಾಪಸ್ ಬಂತು. ಮಿಣುಕುವುದೂ ವಾಪಸ್ ಬಂತು.

ಕರ್ನಲ್ ಕಾಕಾ
ಎಕ್ಸ್‌ವೇಲ್ಯಾಂಡ್ ವರ್ಷನ್ ಯಾವುದು ಅಂತ ಇಲ್ಲಿ ಹಾಕಿ.

ಶಿರಸಿ ಪೆಂಗ್ವಿನ್
ಕಾಕಾ, ಸಿಂಕ್ ಸ್ವಲ್ಪ ಬದಿಗಿಡಿ. ಸೋಮಾರಿ ಅವರೇ, ಒಂದು ಕೆಲಸ ಮಾಡಿ. ಓಬಿಎಸ್‌ನಲ್ಲಿ ಆಟ ರೆಕಾರ್ಡ್ ಮಾಡಿ, ಅದೇ ಹೊತ್ತಿಗೆ ಫೋನಿನಲ್ಲಿ ಸ್ಕ್ರೀನಿನ ವಿಡಿಯೋ ತೆಗೆಯಿರಿ. ಮಿಣುಕು ಎರಡರಲ್ಲೂ ಬಂದರೆ ತಪ್ಪು ಸಾಫ್ಟ್‌ವೇರಿನದು. ಫೋನಿನಲ್ಲಿ ಮಾತ್ರ ಬಂದರೆ ಫ್ರೇಮ್ ಸರಿಯಾಗಿಯೇ ಹೊರಡುತ್ತಿದೆ. ಆಗ ಕೇಬಲ್, ರಿಫ್ರೆಶ್ ರೇಟ್ ಅಥವಾ ಮಾನಿಟರ್ ನೋಡಬೇಕು. ಮತ್ತೆ ಎಲ್ಲ ಆಟ ಅಂದಿರಿ, ಯಾವ್ಯಾವುದು?

ಸೋಮಾರಿ ಗೇಮರ್
ಎಲ್ಲ ಅಂದರೆ ಎರಡು. ಸೈಬರ್‌ಪಂಕ್ 2077ರಲ್ಲಿ ಜಾಸ್ತಿ, ಅದರಲ್ಲೂ ಲೋಡಿಂಗ್ ಆಗುವಾಗ, ಕತ್ತಲೆ ಜಾಗದಲ್ಲಿ. ಕೌಂಟರ್ ಸ್ಟ್ರೈಕ್ 2ರಲ್ಲಿ ಮೆನುವಿನಲ್ಲಿ ಮಾತ್ರ, ಆಡುವಾಗ ಇಲ್ಲ. ಆಡುವಾಗ ಫ್ರೇಮ್ ಸೆಕೆಂಡಿಗೆ 200ರ ಕೆಳಗೆ ಇಳಿಯುವುದೇ ಇಲ್ಲ. ರೆಕಾರ್ಡಿಂಗ್ ಕ್ಲೀನ್ ಆಗಿದೆ. ಫೋನಿನಲ್ಲಿ ಮಿಣುಕು ಕಾಣುತ್ತಿದೆ.

ಶಿರಸಿ ಪೆಂಗ್ವಿನ್
ಮಾನಿಟರ್ ಯಾವುದು ಅಂತ ಮೊದಲೇ ಕೇಳಿದ್ದೆ.

ಸೋಮಾರಿ ಗೇಮರ್
ಹೋದ ವಾರ ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದಿದ್ದು. 27 ಇಂಚು, ಕರ್ವ್ಡ್, ವಿಎ ಪ್ಯಾನೆಲ್ (ಒಂದು ಬಗೆಯ ಎಲ್‌ಸಿಡಿ), 165 ಹರ್ಟ್ಸ್. ಅದೂ ಬದಲಾವಣೆ ಲೆಕ್ಕಕ್ಕೆ ಬರುತ್ತಾ?

ಮಿಂಟ್ ಮಂಜ
ಅಯ್ಯೋ ಶಿವನೇ.

ಶಿರಸಿ ಪೆಂಗ್ವಿನ್
ಬರದೆ ಇರುತ್ತಾ? ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅಡಾಪ್ಟಿವ್ ಸಿಂಕ್, ಅಂದರೆ ಆಟದ ಫ್ರೇಮಿಗೆ ತಕ್ಕಂತೆ ಮಾನಿಟರಿನ ರಿಫ್ರೆಶ್ ರೇಟ್ ಬದಲಿಸುವ ಆಯ್ಕೆ, ಹೇಗಿದೆ?

ಸೋಮಾರಿ ಗೇಮರ್
ಆಲ್ವೇಸ್. ಒಂದು ವಿಡಿಯೋ ನೋಡಿ ನಾನೇ ಇಟ್ಟೆ.

ಶಿರಸಿ ಪೆಂಗ್ವಿನ್
ಸಿಕ್ಕಿತು. ವಿಎ ಪ್ಯಾನೆಲ್‌ಗಳಲ್ಲಿ ಇದು ಹಳೇ ಕಾಯಿಲೆ, ವಿಂಡೋಸ್‌ನಲ್ಲೂ ಇದೆ. ಫ್ರೇಮ್ ಏರಿಳಿದ ಹಾಗೆ ರಿಫ್ರೆಶ್ ರೇಟೂ ಏರಿಳಿಯುತ್ತದೆ. ಆಗ ಕಡು ಬೂದು ಬಣ್ಣದ ಬೆಳಕು ಹೆಚ್ಚುಕಡಿಮೆ ಆಗುತ್ತದೆ, ಅದಕ್ಕೇ ಕತ್ತಲೆಯಲ್ಲಿ ಎದ್ದು ಕಾಣುವುದು. ಇಂಥ ಮಾನಿಟರ್‌ಗಳಲ್ಲಿ ಸಾಮಾನ್ಯವಾಗಿ ರಿಫ್ರೆಶ್ ರೇಟಿನ ಕೆಳಮಿತಿ 48 ಹರ್ಟ್ಸ್. ಅದರ ಕೆಳಗೆ ಇಳಿದರೆ ಒಂದೇ ಫ್ರೇಮನ್ನು ಎರಡು ಸಲ ತೋರಿಸುತ್ತದೆ. ಫ್ರೇಮ್ 47 ಆದರೆ ಸ್ಕ್ರೀನ್ ಒಮ್ಮೆಗೇ 94ಕ್ಕೆ ಹಾರುತ್ತದೆ. ಲೋಡಿಂಗ್‌ನಲ್ಲಿ ಫ್ರೇಮ್ ಹಾಗೆ ಕುಣಿಯುತ್ತಲೇ ಇರುತ್ತದೆ. ಕೌಂಟರ್ ಸ್ಟ್ರೈಕ್ ಆಡುವಾಗ ಫ್ರೇಮ್ 165ರ ಮೇಲೇ ಇರುವುದರಿಂದ ರೇಟ್ ಅಲುಗಾಡುವುದಿಲ್ಲ. ಮಾನಿಟರಿನ ಮೆನುವಿನಲ್ಲಿ ಹರ್ಟ್ಸ್ ತೋರಿಸುವ ಆಯ್ಕೆ ಇದ್ದರೆ ಆನ್ ಮಾಡಿ, ಕಣ್ಣಾರೆ ನೋಡಬಹುದು. ಅಡಾಪ್ಟಿವ್ ಸಿಂಕ್ ಅನ್ನು ನೆವರ್‌ಗೆ ಇಡಿ.

ಸೋಮಾರಿ ಗೇಮರ್
ಹೌದು, 48, 94, 130, 52 ಅಂತ ನಂಬರ್ ಹುಚ್ಚು ಹಿಡಿದ ಹಾಗೆ ಓಡುತ್ತಿತ್ತು. ನೆವರ್‌ಗೆ ಇಟ್ಟೆ, ಮಿಣುಕು ಪೂರ್ತಿ ಹೋಯಿತು. ಆದರೆ ಸೈಬರ್‌ಪಂಕ್ ಈಗ ತಡವರಿಸುತ್ತಿದೆ. 60ರ ಹತ್ತಿರ ಫ್ರೇಮ್ ಇದ್ದರೂ ನಡಿಗೆ ನುಣುಪಾಗಿಲ್ಲ.

ಶಿರಸಿ ಪೆಂಗ್ವಿನ್
165ಕ್ಕೆ 60 ಸಮವಾಗಿ ಹಂಚುವುದಿಲ್ಲ. ಕೆಲವು ಫ್ರೇಮ್ ಎರಡು ಸಲ, ಕೆಲವು ಮೂರು ಸಲ ನಿಲ್ಲುತ್ತವೆ. ಫ್ರೇಮಿಗೆ ಮಿತಿ ಹಾಕಬಲ್ಲ ಮ್ಯಾಂಗೋಹಡ್ ಟೂಲ್‌ನಲ್ಲಿ ಲಿಮಿಟ್ 55 ಇಡಿ. 55 ಮೂರಲೆ 165, ಪ್ರತಿ ಫ್ರೇಮೂ ಸರಿಯಾಗಿ ಮೂರು ಸಲ.

ಕರ್ನಲ್ ಕಾಕಾ
ಹೆಸರಲ್ಲಿ ಸಿಂಕ್ ಇತ್ತಲ್ಲ? ನಾನು ಹೇಳಿದ್ದೂ ಸಿಂಕ್ ತೊಂದರೆ ಅಂತಲೇ.

ಆರ್ಚ್ ಹುಡುಗ
ಕಾಕಾ, ಪ್ಲೀಸ್.

ಸೋಮಾರಿ ಗೇಮರ್
55 ಇಟ್ಟೆ. ನುಣುಪು. ಮಾನಿಟರ್ ವಾಪಸ್ ಕೊಡೋಣ ಅಂತ ಬಿಲ್ ನೋಡಿದರೆ ಏಳು ದಿನದೊಳಗೆ ಅಂತ ಬರೆದಿದೆ. ಇವತ್ತು ಎಂಟನೇ ದಿನ.

ದೊಡ್ಡ ಟಿವಿ
ಬೇರೆ ಥ್ರೆಡ್ ಎಲ್ಲಿ ತೆರೆಯುವುದು? ಬಟನ್ ಕಾಣುತ್ತಿಲ್ಲ.