ಸಹಾಯ ಬೇಕು: ಸೆಲೆಸ್ಟ್ ಆಟದಲ್ಲಿ ಓರೆ ಡ್ಯಾಶ್ ಆಗ್ತಿಲ್ಲ

ಅಣ್ಣಾರ, ಅಕ್ಕಾರ, ನಮಸ್ಕಾರ ರೀ. ವಿಜಯಪುರದಿಂದ ಬರೀತಿದ್ದೇನೆ. 2018ರಲ್ಲಿ ಬಂದ ಸೆಲೆಸ್ಟ್ ಅನ್ನೋ ಬೆಟ್ಟ ಹತ್ತುವ ವಿಡಿಯೋ ಗೇಮ್ ಆಡ್ತಿದ್ದೇನೆ. ಹಳೇ ಕಾಲದ ಪಿಕ್ಸೆಲ್ ಚಿತ್ರ, ಮುಳ್ಳು ತಾಗಿದರೆ ಸಾವು, ಮತ್ತೆ ಅದೇ ಜಾಗದಿಂದ ಶುರು. ಕಷ್ಟ ಜಾಸ್ತಿ, ಆದರೆ ಮೋಸ ಇಲ್ಲದ ಆಟ.

ಈಗ ಏಳನೇ ಅಧ್ಯಾಯದಲ್ಲಿ ಸಿಕ್ಕಿಬಿದ್ದಿದ್ದೇನೆ. ಗೋಡೆ ಹಿಡಿಯಲು ಝಡ್ ಒತ್ತಿಕೊಂಡೇ ಮೇಲಿನ ಬಾಣ, ಬಲ ಬಾಣ, ಜೊತೆಗೆ ಡ್ಯಾಶ್‌ಗೆ (ಗಾಳಿಯಲ್ಲಿ ಒಮ್ಮೆಲೇ ಚಿಮ್ಮಲು) ಎಕ್ಸ್ ಒತ್ತುತ್ತೇನೆ. ಆಟದ ನಾಯಕಿ ಮ್ಯಾಡಲಿನ್ ಓರೆಯಾಗಿ ಹಾರುವ ಬದಲು ನೆಟ್ಟಗೆ ಮೇಲಕ್ಕೆ ಹೋಗ್ತಾಳೆ. ನನ್ನ ಅಗ್ಗದ ಕೀಬೋರ್ಡ್ ನಾಲ್ಕು ಕೀ ಒಟ್ಟಿಗೆ ಹಿಡಿಯಲ್ಲ ಅನ್ನಿಸ್ತದೆ. ಆಟ ಸುಲಭ ಮಾಡುವ ಅಸಿಸ್ಟ್ ಮೋಡ್‌ನಲ್ಲಿ ವೇಗ ಇಳಿಸಬಹುದು, ಆದರೆ ಕೀಯೇ ಹಿಡಿಯದಿದ್ದರೆ ಅದರಿಂದ ಏನು ಉಪಯೋಗ, ಅಲ್ವಾ?

ಕೀಬೋರ್ಡಿನಲ್ಲೇ ಮುಗಿಸಿದವರು ಡ್ಯಾಶ್, ಹಿಡಿತಕ್ಕೆ ಯಾವ ಕೀ ಇಟ್ಟಿದ್ದೀರಿ ಹೇಳಿ. ಗಾಂಧಿ ಚೌಕದ ಕಡೆ ಯಾರಾದರೂ ಗೇಮ್‌ಪ್ಯಾಡ್ ಇಟ್ಟುಕೊಂಡಿದ್ದರೆ ಒಂದು ಸಂಜೆ ಕೊಡ್ತೀರಾ? ನಾನೇ ಬಂದು ಒಯ್ಯುತ್ತೇನೆ.