ಶಾಲೆಯಲ್ಲಿ ಕೌನ್ಸೆಲರ್ ಇದ್ದಾರೆ ಎಂದರೆ ಅಷ್ಟಕ್ಕೇ ಒಪ್ಪಬೇಡಿ

ಕುವೈತಿನಿಂದ ಬರೆದ ಅಕ್ಕನ ಪ್ರಶ್ನೆ ಹೊರದೇಶದಲ್ಲಿರುವ ಕನ್ನಡಿಗರ ಈ ಗುಂಪಿನ ಅನೇಕರದ್ದೂ ಹೌದು. ಯಜಮಾನರು ಕೆಲಸಕ್ಕಾಗಿ ಅಲ್ಲೇ ಉಳಿಯುತ್ತಾರೆ, ತಾವು ಮಗನೊಂದಿಗೆ ಮಂಗಳೂರಿಗೆ ಬಂದು ಅವನನ್ನು ಎಂಟನೇ ತರಗತಿಗೆ ಸೇರಿಸುತ್ತೀರಿ. ವಿಚಾರಿಸಿದ ಶಾಲೆಗಳೆಲ್ಲ ‘ನಮ್ಮಲ್ಲಿ ಕೌನ್ಸೆಲರ್ ಇದ್ದಾರೆ’ ಎಂದಿವೆ, ಅಷ್ಟು ಸಾಕೇ ಎಂದು ಕೇಳಿದ್ದೀರಿ. ಸಾಲದು. ನಾನೂ ಇಲ್ಲಿನ ಶಾಲೆಯೊಂದರಲ್ಲಿ ಆಪ್ತಸಮಾಲೋಚಕಿ, ಅಂದರೆ ಕೌನ್ಸೆಲರ್. ನಿಮ್ಮ ಸಮಾಲೋಚಕರಿಂದ ದಿನವಿಡೀ ಏನು ಕೆಲಸ ಮಾಡಿಸುತ್ತೀರಿ ಎಂದು ಆ ಶಾಲೆಯವರನ್ನು ಕೇಳಿ.

ನೇಮಕದ ಮಟ್ಟಿಗೆ ಈಗ ಒತ್ತಾಯವಿದೆ. ವಿಶಾಖಪಟ್ಟಣದಲ್ಲಿ ನೀಟ್ ತರಬೇತಿಗೆ ಸೇರಿದ್ದ 17 ವರ್ಷದ ಹುಡುಗಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಮಕ್ಕಳ ಮಾನಸಿಕ ಆರೋಗ್ಯದ ತರಬೇತಿ ಪಡೆದ ಒಬ್ಬ ಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜ ಕಾರ್ಯಕರ್ತರೋ ಇರಲೇಬೇಕು ಎಂದಿತು. ಅಂಕ ನೋಡಿ ಬ್ಯಾಚ್ ವಿಂಗಡಿಸುವುದನ್ನು, ಎಲ್ಲರೆದುರು ಅವಮಾನಿಸುವುದನ್ನು ಸಾಧ್ಯವಾದಷ್ಟು ಕೈಬಿಡಬೇಕು ಎಂದೂ ಹೇಳಿತು. ನಮ್ಮ ಕರಾವಳಿಗೆ ಈ ಎರಡನೆಯ ಮಾತೇ ಹೆಚ್ಚು ಬೇಕಾದದ್ದು. 2025ರ ಎಸ್ಸೆಸ್ಸೆಲ್ಸಿಯಲ್ಲಿ ದಕ್ಷಿಣ ಕನ್ನಡ ರಾಜ್ಯಕ್ಕೆ ಮೊದಲು, ಉಡುಪಿ ಎರಡನೆಯದು. ದ್ವಿತೀಯ ಪಿಯುಸಿಯಲ್ಲಿ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. ನನಗೂ ಹೆಮ್ಮೆಯೇ. ಆದರೆ ಫಲಿತಾಂಶ ಬಂದ ವಾರ ಊರ ತುಂಬ ಫ್ಲೆಕ್ಸ್ ಏಳುವಾಗ, ಅದರಲ್ಲಿ ಫೋಟೊ ಇಲ್ಲದ ಮಕ್ಕಳ ಬಳಿ ಕುಳಿತು ಮಾತನಾಡುವವರು ಯಾರು?

ಗಲ್ಫ್‌ನಿಂದ ಬರುವ ಮಕ್ಕಳ ಕಷ್ಟ ಹೆಚ್ಚಾಗಿ ಸಣ್ಣ ಜಾಗದಲ್ಲಿ ಅಡಗಿರುತ್ತದೆ. ಗುರುತು ಸಿಗದಂತೆ ಬದಲಿಸಿ ಒಂದು ಉದಾಹರಣೆ ಹೇಳುತ್ತೇನೆ. ಹೊರದೇಶದಿಂದ ಬಂದ ಹುಡುಗನೊಬ್ಬನಿಗೆ ಪದೇ ಪದೇ ಹೊಟ್ಟೆನೋವು. ವೈದ್ಯರು ಪರೀಕ್ಷಿಸಿ ಏನೂ ತೊಂದರೆಯಿಲ್ಲ ಎಂದರು, ಮನೆಯಲ್ಲಿ ಇದು ಸೋಮಾರಿತನ ಎಂದರು. ಅವನು ತರಗತಿಯಿಂದ ಎದ್ದು ಬಂದ ಸಮಯವನ್ನು ವೇಳಾಪಟ್ಟಿಯ ಪಕ್ಕ ಇಟ್ಟು ನೋಡಿದಾಗ ಎಲ್ಲವೂ ಕನ್ನಡ ಪೀರಿಯಡ್‌ಗೆ ಸ್ವಲ್ಪ ಮೊದಲಿನವು. ಮನೆಯಲ್ಲಿ ಕನ್ನಡವನ್ನು ಸರಾಗವಾಗಿ ಆಡುವ ಹುಡುಗ ಒತ್ತಕ್ಷರ ಬಂದಲ್ಲಿ ತಡವರಿಸುತ್ತಿದ್ದ; ಎದ್ದು ನಿಂತು ಓದುವಾಗ ಹಿಂದಿನ ಬೆಂಚಿನಿಂದ ನಗು. ಇಂಥಲ್ಲಿ ಸಮಾಲೋಚಕರು ಮಾಡುವ ಕೆಲಸ ದೊಡ್ಡ ಚಿಕಿತ್ಸೆಯೇನಲ್ಲ. ಕನ್ನಡ ಶಿಕ್ಷಕಿಯ ಬಳಿ ಹೋಗಿ, ಕೆಲವು ವಾರ ಅವನಿಂದ ಗಟ್ಟಿಯಾಗಿ ಓದಿಸಬೇಡಿ ಎಂದು ಕೇಳಿಕೊಳ್ಳುವುದು, ಮಧ್ಯಾಹ್ನ ಊಟದ ನಂತರ ಜೊತೆ ಕುಳಿತು ಓದಲು ಒಬ್ಬ ಗೆಳೆಯನನ್ನು ಹುಡುಕಿ ಕೊಡುವುದು, ನಕ್ಕವರನ್ನು ಕರೆದು ಮಾತನಾಡುವುದು. ಹೊಟ್ಟೆನೋವು ಕಡಿಮೆಯಾಯಿತು. 2015ರ ಕನ್ನಡ ಕಲಿಕಾ ಕಾಯ್ದೆಯಿಂದ ಸಿಬಿಎಸ್‌ಇ ಶಾಲೆಯಲ್ಲೂ ಕನ್ನಡ ಇದೆ. ಹಾಗಾಗಿ ಅಕ್ಕಾ, ಹೊರಡುವ ಮೊದಲೇ ಮಗನಿಗೆ ಕಾಗುಣಿತ ಕಲಿಸಲು ತೊಡಗಿ.

ಇಷ್ಟು ಮಾಡಲು ಸಮಾಲೋಚಕರಿಗೆ ಬಿಡುವು ಬೇಕು. ರಜೆ ಹಾಕಿದ ಶಿಕ್ಷಕರ ಪೀರಿಯಡ್‌ಗೆಲ್ಲ ಅವರನ್ನೇ ಕಳುಹಿಸಿದರೆ, ವಾರ್ಷಿಕೋತ್ಸವದ ನಿರೂಪಣೆಯನ್ನೂ ಅವರ ತಲೆಗೆ ಕಟ್ಟಿದರೆ ಬಾಗಿಲು ತಟ್ಟಿದ ಮಗುವಿಗೆ ಕಾಣುವುದು ಬೀಗ. ಇನ್ನೊಂದು, ಗಲಾಟೆ ಮಾಡಿದವರನ್ನು ಮಾತ್ರ ಅಲ್ಲಿಗೆ ಅಟ್ಟುವ ರೂಢಿ ಇದ್ದರೆ ಬೇರೆ ಯಾವ ಮಗುವೂ ತಾನಾಗಿ ಆ ಕೋಣೆಯ ಹತ್ತಿರ ಸುಳಿಯುವುದಿಲ್ಲ. ಕೋಣೆ ಎಲ್ಲಿದೆ ಎಂದು ನೀವೇ ಹೋಗಿ ನೋಡಿ. ಪ್ರಾಂಶುಪಾಲರ ಕಚೇರಿಯ ಎದುರಿಗೇ ಇದ್ದರೆ ನನಗೆ ಸಮಾಧಾನವಿಲ್ಲ. ಅಮೆರಿಕದಲ್ಲಿರುವವರು ಅಲ್ಲಿನ ಶಾಲಾ ಸಮಾಲೋಚಕರ ಸಂಘದ ಶಿಫಾರಸನ್ನು, ಅಂದರೆ 250 ಮಕ್ಕಳಿಗೆ ಒಬ್ಬರು ಎಂಬುದನ್ನು, ಮನಸ್ಸಿನಲ್ಲಿಟ್ಟುಕೊಂಡು ಬಂದರೆ ಇಲ್ಲಿ ನಿರಾಶೆಯಾದೀತು. ಎಷ್ಟು ಮಕ್ಕಳಿಗೆ ಒಬ್ಬರಿದ್ದಾರೆ ಎಂದು ಕೇಳಲು ಸಂಕೋಚ ಬೇಡ.

ವಿದೇಶದಲ್ಲಿರುವ ತಂದೆಯರಿಗೆ ಒಂದು ಮಾತು. ‘ಅವನು ನಿಮ್ಮ ಹತ್ತಿರ ಏನು ಹೇಳಿದ?’ ಎಂದು ಫೋನಿನಲ್ಲಿ ಕೇಳುತ್ತೀರಿ. ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಆದರೂ ಮಗು ಹೇಳಿದ್ದನ್ನೆಲ್ಲ ನಾವು ತಲುಪಿಸುವುದಿಲ್ಲ, ತಲುಪಿಸಿದರೆ ಅದು ಮತ್ತೆ ಬಾಯಿ ಬಿಡುವುದಿಲ್ಲ. ಜೀವಕ್ಕೆ ಅಪಾಯವಿದೆ ಎನಿಸಿದರೆ ಮಾತ್ರ ತಕ್ಷಣ ತಿಳಿಸುತ್ತೇವೆ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ವರದಿ ಮಾಡಲೇಬೇಕು. ಶಾಲೆಯ ಹೆಸರು ಕೆಡುತ್ತದೆ, ಮನೆತನದ ಮರ್ಯಾದೆ ಹೋಗುತ್ತದೆ ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಕುವೈತಿನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಇಲ್ಲಿ ಮಗನಿಗೆ ಇಡೀ ದಿನ ಬಿಡುವು ಸಿಗುವ ಭಾನುವಾರ ಅಪ್ಪ ಕೆಲಸದಲ್ಲಿರುತ್ತಾರೆ. ಅಲ್ಲಿ ರಾತ್ರಿ ಎಂಟೂವರೆಗೆ ಅಪ್ಪ ಊಟ ಮುಗಿಸಿ ಫೋನ್ ಹಿಡಿದರೆ ಇಲ್ಲಿ ಹನ್ನೊಂದು ಗಂಟೆ, ಹುಡುಗ ತೂಕಡಿಸುತ್ತಿರುತ್ತಾನೆ. ಉಳಿದ ಐದು ನಿಮಿಷ ಯುನಿಟ್ ಟೆಸ್ಟಿನ ಅಂಕಕ್ಕೆ ಹೋಗುತ್ತದೆ. ಶನಿವಾರ ಸಂಜೆಯೊಂದನ್ನು ಅವನಿಗಾಗಿಯೇ ಮೀಸಲಿಡಿ, ಅಂಕದ ಮಾತು ಬೇಡ. ಸಮಾಲೋಚಕರೊಂದಿಗಿನ ಭೇಟಿಗೂ ತಾಯಿ ಒಬ್ಬರೇ ಬರಬೇಕಾಗಿಲ್ಲ, ವೀಡಿಯೊ ಕರೆಯಲ್ಲಿ ತಂದೆಯೂ ಕುಳಿತುಕೊಳ್ಳಬಹುದು.

ನಾವು ವೈದ್ಯರಲ್ಲ. ನಿದ್ದೆ, ಊಟ ಬಿಟ್ಟ ಮಗುವನ್ನು, ತನ್ನನ್ನು ತಾನೇ ಗಾಯಗೊಳಿಸಿಕೊಳ್ಳುವ ಮಗುವನ್ನು ಮನೋವೈದ್ಯರ ಬಳಿ ಕಳುಹಿಸುತ್ತೇವೆ. ಮಂಗಳೂರು, ಮಣಿಪಾಲದ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಆ ವಿಭಾಗಗಳಿವೆ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೂ ಮಾತನಾಡುತ್ತಾರೆ. ಅಜ್ಜ ಅಜ್ಜಿಯ ಮೊಬೈಲಿನಲ್ಲೂ ಆ ಸಂಖ್ಯೆ ಇರಲಿ.

ಕೊನೆಗೆ ದಾಖಲೆಗಳ ವಿಷಯ. ಅಲ್ಲಿನ ಶಾಲೆಯಲ್ಲಿ ಕಲಿಕಾ ನ್ಯೂನತೆಯ, ಅಂದರೆ ಓದು, ಬರಹ, ಲೆಕ್ಕ ಕಲಿಯುವುದರಲ್ಲಿನ ತೊಡಕಿನ, ಪರೀಕ್ಷೆ ಆಗಿದ್ದರೆ ವರದಿಯನ್ನು ಬಚ್ಚಿಡದೆ ತನ್ನಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಈ ನ್ಯೂನತೆಯೂ ಸೇರಿದೆ. ಆದರೆ ಹತ್ತನೆಯ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಸಿಗಲು ಇಲ್ಲಿನ ನಿಗದಿತ ಪ್ರಾಧಿಕಾರದ ಪ್ರಮಾಣಪತ್ರ ಬೇಕು, ಓಡಾಟಕ್ಕೆ ಸಮಯ ಹಿಡಿಯುತ್ತದೆ. ಎಂಟನೆಯಲ್ಲೇ ಆರಂಭಿಸಿದರೆ ಗಡಿಬಿಡಿ ಇರುವುದಿಲ್ಲ.