ಹಕ್ಕಿ ಗುರುತಿಸೋಕೆ ಮೊದಲ ಪುಸ್ತಕ ಯಾವುದು? ಅನುಭವ ಇರೋರು ಹೇಳಿ

ಪ್ರಶ್ನೆ: ನಮ್ಮದು ತಿಪಟೂರು ಹತ್ತಿರದ ಹಳ್ಳಿ. ತೆಂಗಿನ ತೋಟ, ಹಿಂದುಗಡೆ ಕೆರೆ. ಏಳನೇ ಕ್ಲಾಸಿನ ಮಗಳಿಗೆ ಹಕ್ಕಿಗಳ ಹುಚ್ಚು ಹತ್ತಿದೆ. ‘ಇದ್ಯಾವುದಮ್ಮ’ ಅಂತ ದಿನಾ ಕೇಳ್ತಾಳೆ. ನನಗೆ ಕಾಗೆ, ಗಿಳಿ, ಗೊರವಂಕ ಬಿಟ್ಟರೆ ಗೊತ್ತಿಲ್ಲ. ಇಬ್ಬರೂ ಸೇರಿ ಕಲಿಯೋಕೆ ಸುಲಭದ ಪುಸ್ತಕ ಯಾವುದು? ಬೈನಾಕ್ಯುಲರ್ ಈಗಲೇ ಬೇಕಾ?

ಮೈಸೂರಿನಿಂದ: ಅಕ್ಕಾ, ಕನ್ನಡದಲ್ಲೇ ಬೇಕು ಅಂದ್ರೆ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ತಗೊಳ್ಳಿ. ಮಗು ತಾನೇ ಓದಿಕೊಳ್ಳಬಹುದು. ಇಡೀ ದೇಶದ ಹಕ್ಕಿಗಳಿರೋ ದಪ್ಪ ಇಂಗ್ಲಿಷ್ ಪುಸ್ತಕ ಮೊದಲೇ ಕೊಡಬೇಡಿ. ತೋಟದಲ್ಲಿ ಕಂಡ ಕಂದು ಹಕ್ಕಿಗೆ ಹಿಮಾಲಯದ ಯಾವುದೋ ಹಕ್ಕಿಯ ಹೆಸರು ಅಂಟಿಸಿಬಿಡ್ತಾರೆ ಮಕ್ಕಳು.

ಪುಸ್ತಕ ಬಂದ ಮೇಲೆ ಒಂದು ವಿಷಯ ಗಟ್ಟಿಯಾಗಿ ಹಿಡ್ಕೊಳ್ಳಿ: ಹಕ್ಕಿ ಕಂಡ ತಕ್ಷಣ ಪುಟ ತಿರುವಬೇಡಿ. ಅದು ಹಾರಿಹೋಗೋ ತನಕ ಅದನ್ನೇ ನೋಡಿ, ಪುಸ್ತಕ ಎಲ್ಲೂ ಓಡಿಹೋಗಲ್ಲ. ಮೊದಲು ಗಾತ್ರ. ಪಕ್ಷಿತಜ್ಞ ಸಲೀಂ ಅಲಿಯವರು 1941ರಲ್ಲಿ ಹೊರತಂದ ಭಾರತದ ಹಕ್ಕಿಗಳ ಪುಸ್ತಕದಲ್ಲಿ ಗುಬ್ಬಚ್ಚಿಗಿಂತ ಚಿಕ್ಕದು, ಗೊರವಂಕದಷ್ಟು, ಕಾಗೆಗಿಂತ ದೊಡ್ಡದು ಅಂತ ಗೊತ್ತಿರೋ ಹಕ್ಕಿಗೇ ಹೋಲಿಸಿ ಗಾತ್ರ ಹೇಳ್ತಾರೆ. ಕಾಗೆ, ಗೊರವಂಕ ನಿಮಗೆ ಗೊತ್ತಲ್ಲ, ಅಷ್ಟು ಸಾಕು. ಆಮೇಲೆ ಕೊಕ್ಕು, ಬಾಲ, ಎಲ್ಲಿ ಕೂತಿತ್ತು, ಏನು ಮಾಡ್ತಿತ್ತು. ಬಣ್ಣ ಕೊನೆಗೆ. ಎದುರು ಬಿಸಿಲಿದ್ರೆ ಎಲ್ಲಾ ಹಕ್ಕಿನೂ ಕಪ್ಪೇ.

ಕೆರೆ ಇದೆ ಅಂದ್ರಲ್ಲ, ಬೆಳ್ಳಕ್ಕಿಯಿಂದ ಶುರು ಮಾಡಿ. ದೂರದಿಂದ ಎಲ್ಲಾ ಒಂದೇ ಥರ ಬಿಳಿ. ಹತ್ತಿರದಿಂದ ನೋಡಿದ್ರೆ ಸಣ್ಣ ಬೆಳ್ಳಕ್ಕಿಗೆ ಕೊಕ್ಕು ಕಪ್ಪು, ಕಾಲೂ ಕಪ್ಪು, ಪಾದ ಮಾತ್ರ ಹಳದಿ. ನೀರಿಂದ ಕಾಲೆತ್ತಿದಾಗ ಬೆರಳಿಗೆ ಅರಿಶಿನ ಮೆತ್ತಿದ ಹಾಗೆ ಕಾಣುತ್ತೆ. ಕೊಕ್ಕು ಹಳದಿ, ಕತ್ತು ಗಿಡ್ಡ, ದನದ ಕಾಲಡಿ ಹುಳ ಹೆಕ್ಕುತ್ತಿದ್ರೆ ಗೋವಕ್ಕಿ. ಮರಿ ಮಾಡೋ ಕಾಲದಲ್ಲಿ ಅದರ ತಲೆ, ಕತ್ತು ಕಿತ್ತಳೆ ಬಣ್ಣಕ್ಕೆ ತಿರುಗುತ್ತೆ, ಆಗ ಬೇರೆ ಹಕ್ಕಿ ಅಂದ್ಕೋಬೇಡಿ. ಇವೆರಡನ್ನ ಬಿಡಿಸಿ ಹೇಳೋಕೆ ಬಂತು ಅಂದ್ರೆ ಮಗಳ ಕಣ್ಣು ಪಳಗಿತು ಅಂತಲೇ.

ಧಾರವಾಡದಿಂದ: ಅಕ್ಕಾರ, ಮ್ಯಾಲಿನವರು ಹೇಳಿದ್ದು ಖರೇ. ಇನ್ನೊಂದು ನೋಡ್ರಿ, ಗಂಡು-ಹೆಣ್ಣು ಎರಡರ ಚಿತ್ರಾನೂ ಇರೋ ಪುಸ್ತಕಾನ ತಗೋರಿ. ಗಂಡು ಕೋಗಿಲೆ ಪೂರಾ ಕರೀದು, ಕಣ್ಣು ಕೆಂಪು. ಹೆಣ್ಣು ಕಂದು, ಮೈತುಂಬ ಬಿಳಿ ಚುಕ್ಕಿ. ಮಡಿವಾಳ ಹಕ್ಕಿಯೊಳಗ ಗಂಡಿಗೆ ಕಪ್ಪು ಇದ್ದಲ್ಲೆ ಹೆಣ್ಣಿಗೆ ಬೂದು. ಪುಸ್ತಕದಾಗ ಒಂದ ಚಿತ್ರ ಇದ್ರ ಹುಡುಗರಿಗೆ ತಲಿ ಕೆಡತದ. ಒಂದು ಸಣ್ಣ ನೋಟ್‌ಬುಕ್ಕಿನಾಗ ತಾರೀಖು ಹಾಕಿ ಬರೀಲಿಕ್ಕೆ ಹಚ್ಚರಿ. ಚಳಿಗಾಲಕ್ಕ ಬರೋ ವಲಸೆ ಹಕ್ಕಿ ಯಾವುವು, ವರ್ಷಪೂರ್ತಿ ಇರೋವು ಯಾವುವು ಅಂತ ಅಕಿಗೇ ತಿಳೀತದ.

ಶಿರಸಿಯಿಂದ: ಮರ್ಲಿನ್ ಅನ್ನೋ ಆ್ಯಪ್ ಪುಕ್ಕಟೆ ಸಿಗ್ತದೆ, ದನಿ ಕೇಳಿ ಹೆಸರು ಹೇಳ್ತದೆ. ಬಳಸಿ, ಆದ್ರೆ ಅದು ಹೇಳಿದ್ದನ್ನೇ ಬರ್ಕೊಳ್ಳೋದು ಬೇಡ, ಹಕ್ಕಿನ ಹುಡುಕಿ ಕಣ್ಣಲ್ಲಿ ನೋಡಿ. ನಮ್ಮ ಮಲೆನಾಡಲ್ಲಿ ಭೀಮರಾಜ ಅನ್ನೋ ಹಕ್ಕಿ ಬೇರೆ ಹಕ್ಕಿಗಳ ದನಿಯಲ್ಲೂ ಕೂಗ್ತದೆ, ಆಗ ಆ್ಯಪ್ ಹೇಳಿದ ಹಕ್ಕಿ ಅಲ್ಲಿ ಇರೋದೇ ಇಲ್ಲ. ಗೂಡು ಕಂಡ್ರೆ ದೂರವೇ ಇರಿ, ಫೋಟೊಕ್ಕಂತ ಎಲೆ, ಕೊಂಬೆ ಸರಿಸಬಾರದು.

ಬೈನಾಕ್ಯುಲರ್ ತೋಟಕ್ಕೆ ಈಗಲೇ ಬೇಡ, ಕೆರೆಗೆ ಮುಂದೆ ಬೇಕಾಗ್ತದೆ. 8×42 ಸಾಕು, ಅಂದ್ರೆ ಎಂಟು ಪಟ್ಟು ಹತ್ತಿರ ತೋರಿಸೋದು, ಮುಂದಿನ ಗಾಜು 42 ಮಿ.ಮೀ. ಅಗಲ. 10ರದ್ದು ತಗೊಂಡ್ರೆ ಕೈ ನಡುಗಿದಷ್ಟೂ ಚಿತ್ರ ನಡುಗ್ತದೆ. ಚಿಕ್ಕ ಕೈಗೆ 8×32 ಇನ್ನೂ ಹಗುರ. ಅಂಗಡಿಯಲ್ಲಿ ಮಗಳ ಕೈಗೇ ಕೊಟ್ಟು, ರಸ್ತೆಯಾಚೆಯ ಬೋರ್ಡು ಓದಿಸಿ ನೋಡಿ ತಗೊಳ್ಳಿ.